ಮಾತ್ರೆ ನುಂಗಿದ್ದು ನೆನಪಿದೆಯೆ?

ಬೆಳಗಿನ ಎಂಟು ಗಂಟೆ. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯೊಂದಿಗೆ ಬಾಳುವೆ ಮಾಡಿಕೊಂಡು ಬಂದಿರುವ ನಿವೃತ್ತ ಮೇಷ್ಟ್ರೊಬ್ಬರು ಮಾತ್ರೆಯ ಡಬ್ಬಿ ಹಿಡಿದು ನಿಂತಿದ್ದಾರೆ. ತಿಂಡಿಗೆ ಮುಂಚಿನ ಮಾತ್ರೆ ನುಂಗಿ ಆಯಿತೋ, ಇನ್ನೂ ಇಲ್ಲವೋ? ಹೆಂಡತಿಯನ್ನು ಕೇಳಿದರೆ 'ನೀವು ನುಂಗಿದ್ದನ್ನು ನಾನೇನು ಕಂಡೆನೆ?' ಎಂಬ ಉತ್ತರ ಅಡುಗೆಮನೆಯಿಂದ ಬರುತ್ತದೆ. ಯಾವುದಕ್ಕೂ ಇರಲಿ ಎಂದು ಒಂದು ನುಂಗುತ್ತಾರೆ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಕೈನಡುಕ, ಕಣ್ಣು ಮಂಜು. ಒಂದು ಲೋಟ ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂರುತ್ತಾರೆ. 'ವಯಸ್ಸಾಯಿತಲ್ಲ, ಅರಳು ಮರಳು' ಎಂದು ಮನೆಮಂದಿ ನಕ್ಕು ಸುಮ್ಮನಾಗುತ್ತಾರೆ.

ಇಂಥ ಮೇಷ್ಟ್ರು ಯಾವ ಊರಿನಲ್ಲಾದರೂ ಸಿಕ್ಕಾರು. ಆದರೆ ಸಕ್ಕರೆ ಕಾಯಿಲೆಯವರ ಮರೆವನ್ನು ಹೀಗೆ ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಅಪಾಯ. ಏಕೆಂದರೆ ಈ ಕಾಯಿಲೆಯ ಚಿಕಿತ್ಸೆ ಹೆಚ್ಚಾಗಿ ನಡೆಯುವುದು ಆಸ್ಪತ್ರೆಯಲ್ಲಲ್ಲ, ರೋಗಿಯ ಕೈಯಲ್ಲಿ. ಎಷ್ಟು ಊಟ, ಯಾವ ಮಾತ್ರೆ, ಎಷ್ಟು ಯೂನಿಟ್ ಇನ್ಸುಲಿನ್ ಎಂದು ದಿನವೂ ಲೆಕ್ಕ ಇಡಬೇಕು. ಲೆಕ್ಕ ಇಡುವ ಮಿದುಳೇ ಸೋಲತೊಡಗಿದರೆ? ಅದು ಪೂರ್ತಿ ಸೋಲುವ ಮುನ್ನ ಒಂದು ರಕ್ತಪರೀಕ್ಷೆಯಿಂದ ಸುಳಿವು ಹಿಡಿಯಬಹುದೆ ಎಂದು ವಿಜ್ಞಾನಿಗಳು ಬಹಳ ವರ್ಷಗಳಿಂದ ಹುಡುಕುತ್ತಿದ್ದಾರೆ. ಉತ್ತರ ಅರ್ಧ ಸಿಕ್ಕಿದೆ. ಆ ಅರ್ಧವೂ ಸಕ್ಕರೆ ಕಾಯಿಲೆಯವರ ಮಟ್ಟಿಗೆ ಸ್ವಲ್ಪ ತಿರುಚಿಕೊಂಡೇ ಬಂದಿದೆ.

ನಂಟು ಬಯಲಾದದ್ದು

ನೆದರ್ಲೆಂಡಿನ ರಾಟರ್‌ಡ್ಯಾಮ್ ನಗರದ ಒಂದು ಬಡಾವಣೆಯ 6,370 ಹಿರಿಯರನ್ನು ಕೆಲವು ವರ್ಷ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ವಿವೇಚನೆ ಎರಡೂ ಕುಸಿಯುವ ಸ್ಥಿತಿ, ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕಂಡುಬಂದಿತ್ತು. ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದವರಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು. ಇನ್ಸುಲಿನ್ನೇ ಮಿದುಳನ್ನು ಕೆಡಿಸುತ್ತದೆ ಎಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಕಾಯಿಲೆ ಹಳೆಯದಾಗಿ ಮಾತ್ರೆಗೆ ಬಗ್ಗದೆ ಹೋದವರೇ ಸಾಮಾನ್ಯವಾಗಿ ಇನ್ಸುಲಿನ್‌ಗೆ ಬರುವುದು.

ಕಾಯಿಲೆ ಎಷ್ಟು ಹಳೆಯದು ಎಂಬುದಕ್ಕೇ ಬೆಲೆ ಇದೆಯೆಂದು ಲಂಡನ್ನಿನ ಸರ್ಕಾರಿ ನೌಕರರು ತೋರಿಸಿಕೊಟ್ಟರು. ವೈಟ್‌ಹಾಲ್ ಕಚೇರಿಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು 1985ರಿಂದ ದಶಕಗಳ ಕಾಲ ಬೆನ್ನುಹತ್ತಿದ ಅಧ್ಯಯನ ಅದು. 2021ರಲ್ಲಿ ಹೊರಬಂದ ಅದರ ವರದಿಯ ಪ್ರಕಾರ, ಎಪ್ಪತ್ತು ತುಂಬುವಾಗ ಸಕ್ಕರೆ ಕಾಯಿಲೆಗೆ ಹತ್ತು ವರ್ಷ ದಾಟಿದ್ದವರಲ್ಲಿ ಡಿಮೆನ್ಷಿಯಾದ ಸಂಭವ ಎರಡು ಪಟ್ಟಾಗಿತ್ತು. ಎಪ್ಪತ್ತರ ಆಸುಪಾಸಿನಲ್ಲಿ ಹೊಸದಾಗಿ ಕಾಯಿಲೆ ಬಂದವರಲ್ಲಿ ಅಷ್ಟಿರಲಿಲ್ಲ.

ಈ ಮಾತು ಭಾರತೀಯರಿಗೆ ಹೆಚ್ಚು ನಾಟಬೇಕು. ಐರೋಪ್ಯರಿಗೆ ಹೋಲಿಸಿದರೆ ಭಾರತೀಯರಿಗೆ ಸಕ್ಕರೆ ಕಾಯಿಲೆ ಹತ್ತು ವರ್ಷ ಮುಂಚೆಯೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶವ್ಯಾಪಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ, ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ಅದೇ ವರ್ಷ ಬಂದ ಇನ್ನೊಂದು ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ 88 ಲಕ್ಷ ಜನರಿಗೆ ಡಿಮೆನ್ಷಿಯಾ. ನಲವತ್ತಕ್ಕೇ ಮಾತ್ರೆ ಹಿಡಿದವರು ಈಗ ಅರವತ್ತು, ಎಪ್ಪತ್ತಕ್ಕೆ ಬರುತ್ತಿದ್ದಾರೆ. ಎರಡು ಪಟ್ಟು ಎಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರೆಲ್ಲ ಮರೆಗುಳಿಗಳಾಗುತ್ತಾರೆ ಎಂದಲ್ಲ. ತೊಂಬತ್ತರಲ್ಲೂ ಮೊಮ್ಮಕ್ಕಳ ಲೆಕ್ಕ ತಿದ್ದುವ ಹಳೆಯ ಸಕ್ಕರೆ ರೋಗಿಗಳು ಬೇಕಾದಷ್ಟಿದ್ದಾರೆ.

ಸಕ್ಕರೆ ಮಿದುಳನ್ನು ಕೆಡಿಸುವುದು ಹೇಗೆ? ಬಹುಕಾಲ ಎಲ್ಲರ ಬೆರಳೂ ಆಲ್ಜೈಮರ್ ಕಾಯಿಲೆಯತ್ತ ತೋರಿತು. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದ ಈ ರೋಗದಲ್ಲಿ ಮಿದುಳಿನ ಜೀವಕೋಶಗಳ ನಡುವೆ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಸಿ ಕಟ್ಟುತ್ತದೆ, ಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಗಂಟುಗಂಟಾಗುತ್ತದೆ. ಇನ್ಸುಲಿನ್ನನ್ನು ಚೂರು ಮಾಡುವ ಕಿಣ್ವವೇ ಅಮೈಲಾಯ್ಡನ್ನೂ ಚೂರು ಮಾಡುತ್ತದೆ ಎಂದು ಗೊತ್ತಾದಾಗ, ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದರೆ ಕಿಣ್ವ ಅದರಲ್ಲೇ ಮುಳುಗಿ ಅಮೈಲಾಯ್ಡ್ ಉಳಿದುಬಿಡುತ್ತದೆ ಎಂಬ ತರ್ಕ ಹುಟ್ಟಿತು. 2005ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಜಾನ್ ಡಿ ಲಾ ಮಾಂಟೆ ಮತ್ತು ಸಂಗಡಿಗರು ಆಲ್ಜೈಮರನ್ನು 'ಮೂರನೆಯ ಬಗೆಯ ಡಯಾಬಿಟಿಸ್' ಎಂದೇ ಕರೆದರು. ಪತ್ರಿಕೆಗಳಿಗೆ ಆ ಹೆಸರು ಬಹಳ ಹಿಡಿಸಿತು.

ಶವಪರೀಕ್ಷೆಗಳು ಮಾತ್ರ ಬೇರೆಯೇ ಹೇಳಿದವು. ಸಕ್ಕರೆ ಕಾಯಿಲೆಯಿದ್ದು ತೀರಿಕೊಂಡವರ ಮಿದುಳುಗಳಲ್ಲಿ ಅಮೈಲಾಯ್ಡ್ ಗಸಿ ಇತರರಿಗಿಂತ ಹೆಚ್ಚೇನೂ ಕಾಣಲಿಲ್ಲ. ಹೆಚ್ಚು ಕಂಡದ್ದು ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಅಲ್ಲಲ್ಲಿ ಸತ್ತುಹೋಗಿದ್ದ ಕಾಳಿನಷ್ಟಗಲದ ಭಾಗಗಳು. ಕಣ್ಣಿನ ಪರದೆಯನ್ನು, ಮೂತ್ರಪಿಂಡವನ್ನು ಕೆಡಿಸುವ ಕೈಯೇ ಇಲ್ಲಿಯೂ ಕೆಲಸ ಮಾಡಿತ್ತು. ಹೀಗಾಗಿ ಮೇಷ್ಟ್ರ ಮರೆವಿನ ಹಿಂದೆ ಆಲ್ಜೈಮರ್ ಇರಬಹುದು, ಕಿರುನಾಳಗಳ ಕಾಟ ಇರಬಹುದು, ಎರಡೂ ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ತರಹ ಕಾಣುತ್ತದೆ.

ಬಣವೆಯಲ್ಲಿ ಸೂಜಿ

ಟೌ, ಅಮೈಲಾಯ್ಡುಗಳನ್ನು ಬದುಕಿರುವವರಲ್ಲಿ ಅಳೆಯಲು ಇದ್ದ ದಾರಿಗಳು ಎರಡು. ಒಂದು, ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ ಮಿದುಳುಬಳ್ಳಿಯ ದ್ರವ ತೆಗೆಯುವುದು. ಇನ್ನೊಂದು, ವಿಕಿರಣ ಸೂಸುವ ಮದ್ದು ಕೊಟ್ಟು ಪೆಟ್ ಸ್ಕ್ಯಾನ್ ಮಾಡುವುದು. ಮೊದಲನೆಯದಕ್ಕೆ ರೋಗಿ ಹೆದರುತ್ತಾನೆ, ಎರಡನೆಯದಕ್ಕೆ ಅವನ ಜೇಬು ಹೆದರುತ್ತದೆ.

ರಕ್ತದಲ್ಲೇ ಏಕೆ ನೋಡಬಾರದು? ಮಿದುಳಿಗೂ ರಕ್ತಕ್ಕೂ ನಡುವೆ ಬಿಗಿಯಾದ ಒಂದು ತಡೆಗೋಡೆ ಇದೆ. ಅದನ್ನು ದಾಟಿ ಬರುವ ಮಿದುಳಿನ ಪ್ರೋಟೀನು ಅತ್ಯಲ್ಪ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಸಕ್ಕರೆ ಇರುತ್ತದೆ. ಆಲ್ಜೈಮರ್ ಸೂಚಿಸುವ ಟೌ ಅದಕ್ಕಿಂತ ನೂರಾರು ಕೋಟಿ ಪಟ್ಟು ಕಡಿಮೆ! 2010ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ವಾಲ್ಟ್ ಅವರ ತಂಡ ಇದಕ್ಕೊಂದು ಉಪಾಯ ಪ್ರಕಟಿಸಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳು ಒಂದೊಂದು ಪ್ರೋಟೀನು ಕಣವನ್ನು ಹಿಡಿದುಕೊಳ್ಳುತ್ತವೆ. ಮಣಿಗಳನ್ನು ಒಂದೊಂದಾಗಿ ಸೂಕ್ಷ್ಮ ಗುಳಿಗಳಲ್ಲಿ ಕೂರಿಸಿ, ಯಾವ ಗುಳಿ ಹೊಳೆಯುತ್ತದೆ ಎಂದು ಎಣಿಸುವುದು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಕಾಯ್ ಬ್ಲೆನೋ, ಹೆನ್ರಿಕ್ ಜೆಟ್ಟರ್‌ಬರ್ಗ್ ಮುಂತಾದವರು ಇಂಥ ಸೂಕ್ಷ್ಮ ವಿಧಾನಗಳಿಂದ ರಕ್ತದಲ್ಲಿ ಮಿದುಳಿನ ಸುದ್ದಿ ಓದಲು ಹೊರಟರು.

ಅವರ ಕೈಗೆ ಸಿಕ್ಕವುಗಳಲ್ಲಿ ಮುಖ್ಯವಾದದ್ದು ಪಿ-ಟೌ 217. ನರಕೋಶದೊಳಗೆ ಸರಕು ಸಾಗಿಸುವ ಹಳಿಗಳಿವೆ. ಅವು ಅಲುಗದಂತೆ ಬಿಗಿದಿಡುವ ಕೀಲು ಟೌ ಪ್ರೋಟೀನು. ಅದರ 217ನೆಯ ಸ್ಥಾನದಲ್ಲಿ ರಂಜಕದ ತುಣುಕು ಅಂಟಿಕೊಂಡ ಟೌ ರಕ್ತದಲ್ಲಿ ಏರಿದರೆ ಮಿದುಳಿನಲ್ಲಿ ಆಲ್ಜೈಮರ್ ಗಸಿ ಕಟ್ಟುತ್ತಿದೆ ಎಂದು ಅರ್ಥ. ಸ್ವೀಡನ್ನಿನಲ್ಲೇ ಮರೆವಿನ ದೂರು ಹೊತ್ತು ಬಂದ 1,213 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಲ್ಜೈಮರ್ ಹೌದೋ ಅಲ್ಲವೋ ಎಂದು ರಕ್ತಪರೀಕ್ಷೆ ನೂರಕ್ಕೆ ಸುಮಾರು 91 ಸಲ ಸರಿಯಾಗಿ ಹೇಳಿತು. ಸಾಮಾನ್ಯ ವೈದ್ಯರು ತಮ್ಮ ಮಾಮೂಲು ತಪಾಸಣೆಯಿಂದ ಸರಿ ಹೇಳಿದ್ದು 61 ಸಲ, ಮರೆವಿನ ತಜ್ಞರು 73 ಸಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪಿ-ಟೌ 217 ಮತ್ತು ಅಮೈಲಾಯ್ಡಿನ ಪ್ರಮಾಣ ಹೋಲಿಸುವ ಒಂದು ರಕ್ತಪರೀಕ್ಷೆಗೆ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು. ಐವತ್ತೈದು ದಾಟಿದ, ಮರೆವಿನ ಲಕ್ಷಣ ಆಗಲೇ ಕಾಣಿಸಿಕೊಂಡವರಿಗೆ ಮಾತ್ರ ಎಂಬ ಷರತ್ತೂ ಇದೆ. ಆರೋಗ್ಯವಾಗಿರುವವರು ಭವಿಷ್ಯ ಕೇಳುವ ಪರೀಕ್ಷೆ ಇದಲ್ಲ.

ಮೂತ್ರಪಿಂಡದ ತಕರಾರು

ಇಲ್ಲೇ ಸಕ್ಕರೆ ಕಾಯಿಲೆಯವರ ತೊಡಕು ಶುರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು ಸುತ್ತಲ ಜಿಲ್ಲೆಯ ಹಿರಿಯರ ರಕ್ತ ನೋಡಿ 2022ರಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಮೂತ್ರಪಿಂಡ ಸೊರಗಿದವರಲ್ಲಿ, ಹೃದಯಾಘಾತ ಅಥವಾ ಲಕ್ವ ಆಗಿದ್ದವರಲ್ಲಿ ಪಿ-ಟೌ ಏರಿರುತ್ತದೆ. ಮೂತ್ರಪಿಂಡ ಪ್ರೋಟೀನನ್ನು ಸರಿಯಾಗಿ ಹೊರಹಾಕದಿದ್ದರೆ ಅದು ರಕ್ತದಲ್ಲಿ ಉಳಿಯುತ್ತದೆ, ಅಷ್ಟೆ. ಮಿದುಳು ಚೆನ್ನಾಗಿಯೇ ಇದ್ದೀತು! ಬೊಜ್ಜು ಇದಕ್ಕೆ ತದ್ವಿರುದ್ಧ. ಮೈ ದೊಡ್ಡದಾದಂತೆ ರಕ್ತದ ಪ್ರಮಾಣ ಹೆಚ್ಚಿ ಸೂಚಕಗಳು ತೆಳುವಾಗುತ್ತವೆ, ಇರುವ ರೋಗವೂ ಮರೆಯಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದ ತೊಂದರೆ, ಬೊಜ್ಜು, ಹೃದಯದ ಕಾಟ ಮೂರೂ ಸಾಮಾನ್ಯ. ಒಂದು ಎಳೆದರೆ ಇನ್ನೊಂದು ತಳ್ಳುತ್ತದೆ. ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡದೆ ಇಂಥವರ ಪಿ-ಟೌ ಓದುವುದು, ತಕ್ಕಡಿಯ ತಟ್ಟೆಯಲ್ಲಿ ಮೊದಲೇ ಏನಿತ್ತೆಂದು ನೋಡದೆ ಬೆಲ್ಲ ತೂಗಿದಂತೆ. ರಂಜಕ ಅಂಟಿದ ಟೌವನ್ನು ಅಂಟದ ಟೌಗೆ ಹೋಲಿಸಿ ನೋಡಿದರೆ ಮೂತ್ರಪಿಂಡದ ಈ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ ಎಂಬುದು ಸಂಶೋಧಕರು ಕಂಡುಕೊಂಡಿರುವ ಒಂದು ಪರಿಹಾರ.

ಇನ್ನೊಂದು ಸೂಚಕದ ಕಥೆ ಇನ್ನೂ ಸ್ವಾರಸ್ಯಕರ. ನರತಂತುವಿನ ಒಳಗೆ ಬಾಳೆಯ ನಾರಿನಂತೆ ಹಬ್ಬಿ ಅದನ್ನು ನೆಟ್ಟಗೆ ನಿಲ್ಲಿಸುವ ಪ್ರೋಟೀನೊಂದಿದೆ, ನ್ಯೂರೋಫಿಲಮೆಂಟ್. ನರತಂತು ಹರಿದರೆ ಅದು ರಕ್ತಕ್ಕೆ ಸೋರುತ್ತದೆ. ಕಿರುನಾಳ ಕಟ್ಟಿ ಮಿದುಳು ಸವೆಯುತ್ತಿದ್ದರೂ ತಿಳಿಯುತ್ತದೆ. ಆ ಮಟ್ಟಿಗೆ ಸಕ್ಕರೆ ಕಾಯಿಲೆಯವರಿಗೆ ಪಿ-ಟೌಗಿಂತ ಇದೇ ಹೆಚ್ಚು ಉಪಯುಕ್ತ ಆಗಬೇಕಿತ್ತು. ಆದರೆ ನರ ಇರುವುದು ಮಿದುಳಿನಲ್ಲಿ ಮಾತ್ರವೆ? ಪಾದ ಜುಮ್ಮೆನ್ನುವ, ಚಪ್ಪಲಿ ಜಾರಿದ್ದೂ ತಿಳಿಯದ ಸಕ್ಕರೆ ರೋಗಿಯ ಕಾಲಿನ ನರಗಳೂ ಇದೇ ಪ್ರೋಟೀನನ್ನು ಸೋರಿಸುತ್ತವೆ. ಸುದ್ದಿ ಬಂದದ್ದು ತಲೆಯಿಂದಲೋ ಕಾಲಿನಿಂದಲೋ ರಕ್ತ ಹೇಳುವುದಿಲ್ಲ.

ಸೂಚಕ ಬೇರೆ, ಮನುಷ್ಯ ಬೇರೆ ಎಂಬುದಕ್ಕೆ 2025ರ ನವೆಂಬರಿನಲ್ಲಿ ದೊಡ್ಡ ಸಾಕ್ಷಿಯೇ ಸಿಕ್ಕಿತು. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್ ಔಷಧ ಆಲ್ಜೈಮರನ್ನೂ ತಡೆದೀತೆ ಎಂದು 3,808 ಜನರ ಮೇಲೆ ಎರಡು ಪ್ರಯೋಗಗಳು ನಡೆದಿದ್ದವು. ರೋಗದ ಸೂಚಕಗಳು ಸುಧಾರಿಸಿದವು. ರೋಗಿಗಳ ನೆನಪು ಮಾತ್ರ ಹುಸಿ ಮಾತ್ರೆ ತಿಂದವರ ವೇಗದಲ್ಲೇ ಇಳಿಯಿತು.

ಶ್ರೀನಿವಾಸಪುರದಲ್ಲಿ

ಇಷ್ಟೆಲ್ಲ ತೊಡಕಿದ್ದರೂ ರಕ್ತಪರೀಕ್ಷೆಯ ಆಸೆ ಬಿಡಲಾಗದು. ಅದಕ್ಕೆ ಕಾರಣ ನೋಡಬೇಕಾದರೆ ಕೋಲಾರ ಜಿಲ್ಲೆಗೆ ಹೋಗಬೇಕು. ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ದೀರ್ಘಕಾಲದ ಅಧ್ಯಯನವೊಂದನ್ನು ನಡೆಸುತ್ತಿದೆ. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸಿ, ಯಾರ ಮಿದುಳು ಏಕೆ ಬೇಗ ಸವೆಯುತ್ತದೆ ಎಂದು ತಿಳಿಯುವುದು ಉದ್ದೇಶ. ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲವೂ ಇದೆ.

ನೆನಪಿನ ಪರೀಕ್ಷೆ ಎಂಬುದು ಹಳ್ಳಿಯಲ್ಲಿ ಸುಲಭದ ಮಾತಲ್ಲ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಜಗತ್ತೆಲ್ಲ ಹರಡಿದ ಮೂವತ್ತು ಅಂಕದ ಪರೀಕ್ಷೆಯಲ್ಲಿ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಬೇಕು, ವಾಕ್ಯ ಬರೆಯಬೇಕು. ಅಕ್ಷರ ಕಲಿಯದ ಅಜ್ಜಿ ಅಲ್ಲಿಯೇ ನಪಾಸು. ಅದೇ ಅಜ್ಜಿ ಸಂತೆಯಲ್ಲಿ ಮಾವಿನ ಬುಟ್ಟಿ ಎಣಿಸಿ, ಚಿಲ್ಲರೆ ಸರಿಯಾಗಿ ಕೊಟ್ಟು, ಯಾರು ಎಷ್ಟು ಬಾಕಿ ಎಂದು ಬಾಯಲ್ಲೇ ಹೇಳುತ್ತಾಳೆ. ಹರಿಯಾಣದ ಬಲ್ಲಭಗಡದಲ್ಲಿ ಓದುಬರಹ ಬಾರದ ಹಿರಿಯರಿಗಾಗಿ ಈ ಪರೀಕ್ಷೆಯನ್ನು 1995ರ ಸುಮಾರಿಗೆ ಹಿಂದಿಯಲ್ಲಿ ತಿದ್ದಿ ಬರೆದಾಗ, ಅಕ್ಷರಗಳ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದ್ದರು. ಇಷ್ಟಾದರೂ ಶಾಲೆಯ ಮೆಟ್ಟಿಲು ಹತ್ತಿದವನಿಗೆ ಸಿಗುವ ಲಾಭ ಪೂರ್ತಿ ಕಳೆಯುವುದಿಲ್ಲ. ರಕ್ತಕ್ಕೆ ಅಕ್ಷರದ ಹಂಗಿಲ್ಲ. ಅಜ್ಜಿಯ ಮರೆವು ಓದಿಲ್ಲದ್ದರಿಂದಲೋ ರೋಗದಿಂದಲೋ ಎಂದು ಹೇಳುವ ರಕ್ತಪರೀಕ್ಷೆ ಅಗ್ಗವಾಗಿ ಸಿಕ್ಕರೆ ಅದರ ಅಗತ್ಯ ಗೋಥೆನ್‌ಬರ್ಗಿಗಿಂತ ಶ್ರೀನಿವಾಸಪುರಕ್ಕೇ ಹೆಚ್ಚು. ಆದರೆ ಸ್ವೀಡನ್ನಿನವರ ರಕ್ತ ನೋಡಿ ಗೆರೆ ಎಳೆದ ಅಂಕಿ ಇಲ್ಲಿಯವರಿಗೆ ಹೊಂದುತ್ತದೆಯೆ ಎಂಬುದನ್ನು ಇಲ್ಲಿಯೇ ಅಳೆದು ತಿಳಿಯಬೇಕು.

ಚೀಟಿಯಲ್ಲಿ ಆಗಲೇ ಇರುವ ಅಂಕಿಗಳು

ಹೊಸ ಸೂಚಕಗಳ ಅಬ್ಬರದಲ್ಲಿ ಹಳೆಯ ಚೀಟಿಯನ್ನು ಯಾರೂ ಓದುತ್ತಿಲ್ಲ. ಸಕ್ಕರೆ ರೋಗಿಯ ಕೈಯಲ್ಲಿ ಈಗಾಗಲೇ ಇರುವ ಲ್ಯಾಬಿನ ಚೀಟಿ ಮಿದುಳಿನ ಬಗ್ಗೆ ಸಾಕಷ್ಟು ಹೇಳುತ್ತದೆ.

ಮೊದಲನೆಯದು ಎಚ್‌ಬಿಎ1ಸಿ. ಟೆಹರಾನಿನ ಸ್ಯಾಮ್ಯುಯೆಲ್ ರಾಹ್‌ಬರ್ 1968ರಲ್ಲಿ ಸಕ್ಕರೆ ರೋಗಿಗಳ ರಕ್ತದಲ್ಲಿ ಗುರುತಿಸಿದ, ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಇದು. ಮೂರು ತಿಂಗಳ ಸರಾಸರಿ ತಿಳಿಸುತ್ತದೆ. ಅದು ಹತ್ತು, ಹನ್ನೊಂದು ಇದ್ದರೆ ಮಿದುಳಿಗೆ ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು. ಎಪ್ಪತ್ತೈದರ ಮರೆಗುಳಿಯಲ್ಲಿ ಅದು ಆರಕ್ಕೆ ಇಳಿದಿದ್ದರೆ? ಮನೆಮಂದಿ ಸಂತೋಷಪಡುತ್ತಾರೆ. ಸಕ್ಕರೆ ಆಗಾಗ ತೀರ ಕೆಳಕ್ಕೆ ಬೀಳುತ್ತಿದೆಯೇನೋ ಎಂಬ ಅನುಮಾನ ಬರಬೇಕಾದ ಜಾಗ ಅದು. ಮಿದುಳಿಗೆ ಸಕ್ಕರೆಯೇ ಮುಖ್ಯ ಉರುವಲು. ಕ್ಯಾಲಿಫೋರ್ನಿಯಾದ 16,667 ಹಿರಿಯ ಸಕ್ಕರೆ ರೋಗಿಗಳ ದಾಖಲೆ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕುಸಿದು ಒಮ್ಮೆ ಆಸ್ಪತ್ರೆ ಸೇರಿದವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಂಭವ ಶೇ. 26ರಷ್ಟು ಹೆಚ್ಚಿತ್ತು, ಮೂರು ಅಥವಾ ಹೆಚ್ಚು ಬಾರಿ ಸೇರಿದವರಿಗೆ ಸುಮಾರು ಎರಡು ಪಟ್ಟು. 2013ರಲ್ಲಿ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳ 783 ಹಿರಿಯರ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಕ್ಕರೆ ಕುಸಿದವರಿಗೆ ಡಿಮೆನ್ಷಿಯಾ ಎರಡು ಪಟ್ಟು, ಡಿಮೆನ್ಷಿಯಾ ಬಂದವರಿಗೆ ಸಕ್ಕರೆ ಕುಸಿತ ಮೂರು ಪಟ್ಟು. ಮೇಷ್ಟ್ರು ಎರಡನೆಯ ಮಾತ್ರೆ ನುಂಗಿದಾಗ ಸಿಕ್ಕಿಬಿದ್ದದ್ದು ಇದೇ ಸುಳಿಯಲ್ಲಿ.

ಹಾಗೆಂದು ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ನೆನಪು ಉಳಿಯುತ್ತದೆಯೆ? ಅಮೆರಿಕ, ಕೆನಡಗಳಲ್ಲಿ ಸುಮಾರು ಮೂರು ಸಾವಿರ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಗಿ ಹಿಡಿತದವರ ಮಿದುಳು ಕುಗ್ಗುವುದು ಸ್ವಲ್ಪ ಕಡಿಮೆಯಾಯಿತು, ನೆನಪಿಗೆ ಏನೂ ಲಾಭ ಆಗಲಿಲ್ಲ. ಅದೇ ಯೋಜನೆಯ ಮೂಲ ಪ್ರಯೋಗದಲ್ಲಿ ಬಿಗಿ ಹಿಡಿತದ ಗುಂಪಿನಲ್ಲಿ ಸಾವು ಹೆಚ್ಚಿದ್ದರಿಂದ ಆ ಚಿಕಿತ್ಸೆಯನ್ನು 2008ರಲ್ಲೇ ನಿಲ್ಲಿಸಬೇಕಾಗಿ ಬಂದಿತ್ತು. ಮರೆವು ಹತ್ತಿದ ಹಿರಿಯರಿಗೆ ಎಚ್‌ಬಿಎ1ಸಿ ಎಂಟರ ಒಳಗಿದ್ದರೆ ಸಾಕು, ಇನ್ನೂ ಇಳಿಸಲು ಹೋಗಬೇಡಿ ಎಂದು ಅಮೆರಿಕದ ಡಯಾಬಿಟಿಸ್ ಸಂಘ ವೈದ್ಯರಿಗೆ ಹೇಳುತ್ತದೆ.

ಎರಡನೆಯದು ಬಿ12 ಜೀವಸತ್ವ. ಸಕ್ಕರೆ ಕಾಯಿಲೆಯ ಮೊದಲ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ಸೇವಿಸಿದರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ ಎಂದು 1971ರಷ್ಟು ಹಿಂದೆಯೇ ವರದಿಯಾಗಿತ್ತು. ಮಾಂಸ, ಮೊಟ್ಟೆ ಮುಟ್ಟದವರಿಗೆ ಹಾಲು ಮೊಸರಿನಿಂದ ಬರುವುದಷ್ಟೇ ಬಿ12. ಅದರ ಮೇಲೆ ಈ ಸೋರಿಕೆ. ಬಿ12 ಕಡಿಮೆಯಾದರೆ ಮರೆವು, ಮಂಕು, ಕಾಲು ಜುಮ್ಮೆನ್ನುವುದು. ಕಾಲಿನದು ಸಕ್ಕರೆಯ ಲೆಕ್ಕಕ್ಕೆ, ಮರೆವು ವಯಸ್ಸಿನ ಲೆಕ್ಕಕ್ಕೆ ಹೋಗಿ ನಿಜವಾದ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಮರೆವಿನ ಕಾರಣಗಳಲ್ಲಿ ಸೂಜಿಮದ್ದಿನಿಂದ ಸರಿಹೋಗಬಲ್ಲ ಅಪರೂಪದ್ದು ಇದು, ತಡಮಾಡದಿದ್ದರೆ. ಥೈರಾಯ್ಡ್ ಪರೀಕ್ಷೆಯನ್ನೂ ಇದರ ಜೊತೆಗೇ ಮಾಡಿಸುವುದು ವಾಡಿಕೆ.

ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಸೋರುವ ಆಲ್ಬುಮಿನ್ ಕಿರುನಾಳಗಳ ಸ್ಥಿತಿ ಹೇಳುತ್ತವೆ. ಮೂತ್ರಪಿಂಡದ ಕಿರುನಾಳ ಹಾಳಾಗಿದ್ದರೆ ಮಿದುಳಿನದು ಸುರಕ್ಷಿತ ಎಂದು ನಂಬಲು ಕಾರಣವಿಲ್ಲ. 2013ರಲ್ಲಿ ಸುಮಾರು 30 ಸಾವಿರ ರೋಗಿಗಳ ದಾಖಲೆಯಿಂದ ಒಂದು ಅಂಕಪಟ್ಟಿ ತಯಾರಾಯಿತು. ವಯಸ್ಸು, ಓದು, ಕಣ್ಣು ಮೂತ್ರಪಿಂಡಗಳ ತೊಂದರೆ, ಕಾಲಿನ ಹುಣ್ಣು, ಲಕ್ವ, ಹೃದಯರೋಗ, ಸಕ್ಕರೆಯ ತೀವ್ರ ಏರಿಳಿತ, ಖಿನ್ನತೆ ಇವಿಷ್ಟಕ್ಕೆ ಅಂಕ ಕೊಟ್ಟು ಕೂಡಿದರೆ ಹತ್ತು ವರ್ಷದೊಳಗೆ ಡಿಮೆನ್ಷಿಯಾ ಬರುವ ಸಂಭವ ತಿಳಿಯುತ್ತದೆ. ಅತಿ ಕಡಿಮೆ ಅಂಕದವರಿಗೆ ಶೇ. 5, ಅತಿ ಹೆಚ್ಚಿನವರಿಗೆ ಶೇ. 73. ಇದರಲ್ಲಿ ಪಿ-ಟೌ ಇಲ್ಲ, ಸ್ಕ್ಯಾನ್ ಇಲ್ಲ. ರೋಗಿಯ ಹಳೆಯ ಕಡತ ಸಾಕು.

ಹಾಗಾದರೆ ಪಿ-ಟೌ ಯಾರಿಗೆ ಬೇಕು? ಮರೆವು ಕಾಣಿಸಿಕೊಂಡು, ಬಿ12 ಮುಂತಾದವು ಸರಿಯಿದ್ದೂ ಅದು ಹೆಚ್ಚುತ್ತಿರುವವರಿಗೆ. ಅಮೈಲಾಯ್ಡ್ ತೆಗೆಯುವ ಔಷಧಗಳು 2023ರಿಂದ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದಿವೆ. ಅವು ಆರಂಭದ ಆಲ್ಜೈಮರನ್ನು ಸ್ವಲ್ಪ ನಿಧಾನಿಸುತ್ತವೆ, ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಕಿರುನಾಳ ಸವೆದ ಸಕ್ಕರೆ ರೋಗಿಗೆ ಕೊಡುವ ಮುನ್ನ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಗಸಿಯೇ ಇಲ್ಲ ಎಂದು ರಕ್ತ ಹೇಳಿದರೆ ಆ ದಾರಿ ಬಿಟ್ಟು ರಕ್ತದೊತ್ತಡ, ಕೊಬ್ಬು, ಬೀಡಿ ಸಿಗರೇಟಿನ ಕಡೆ ಗಮನ ಹರಿಸಬಹುದು.

ಅರವತ್ತೈದು ದಾಟಿದ ಪ್ರತಿ ಸಕ್ಕರೆ ರೋಗಿಯ ನೆನಪನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ಅದೇ ಅಮೆರಿಕದ ಸಂಘದ ಸಲಹೆ. ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆ ಮೂರು ಪದಗಳನ್ನು ಮತ್ತೆ ಕೇಳುವ ಪರೀಕ್ಷೆಗೆ ಮೂರು ನಿಮಿಷ ಸಾಕು. ಟೋಕನ್ ಕೊಟ್ಟು ಸಾಲಿನಲ್ಲಿ ಕೂರಿಸುವ ಕಡೆ ಆ ಮೂರು ನಿಮಿಷ ಯಾರು ಕೊಡುತ್ತಾರೆ ಎಂಬುದು ಬೇರೆ ಮಾತು. ಮನೆಯವರು ಕೇಳದೆಯೂ ಹೇಳಬಹುದು: ಇವರು ಮಾತ್ರೆ ಎರಡು ಸಲ ನುಂಗುತ್ತಾರೆ, ಹಣದ ಲೆಕ್ಕ ತಪ್ಪುತ್ತಾರೆ, ಗೊತ್ತಿದ್ದ ದಾರಿಯಲ್ಲಿ ನಿಂತುಬಿಡುತ್ತಾರೆ. ಸಕ್ಕರೆಯನ್ನು ದಿಢೀರನೆ ಇಳಿಸುವ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳನ್ನು ಬದಲಿಸಲು ವೈದ್ಯರಿಗೆ ಅಷ್ಟು ತಿಳಿದರೆ ಸಾಕು. ಔಷಧದ ಅಂಗಡಿಯಲ್ಲಿ ವಾರದ ಏಳು ದಿನಕ್ಕೆ ಏಳು ಖಾನೆಯಿರುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಭಾನುವಾರ ಯಾರಾದರೂ ಕೂತು ತುಂಬಿಸಿಟ್ಟರೆ ಆಯಿತು. ಖಾನೆ ಖಾಲಿ ಇದ್ದರೆ ಅಂದಿನ ಮಾತ್ರೆ ನುಂಗಿಯಾಗಿದೆ.